ಕಾಣದ ರೋಗಿಗೆ ಮದ್ದು

ಪುಷ್ಪಗಿರಿ ತಪ್ಪಲಿನ ಕೊಲ್ಲಮೊಗ್ರು ಕಡೆ ಚರ್ಮರೋಗ ಬಂದರೆ ಕುಕ್ಕೆ ಸುಬ್ರಹ್ಮಣ್ಯನಿಗೆ ಹರಕೆ ಹೇಳಿಕೊಳ್ಳುವುದುಂಟು. ರೋಗಿಗೆ ಹೋಗಲಾಗದಿದ್ದರೆ ಮನೆಯವರು ಹೋಗಿ ಹುತ್ತದ ಮಣ್ಣಿನ ಮೃತ್ತಿಕೆ ಪ್ರಸಾದ ತಂದರೂ ಸಾಕು. ದೇವರಿಗೆ ದೂರದ ಹಂಗಿಲ್ಲ.

ವೈದ್ಯನಿಗೆ?

ಸುಶ್ರುತ ಸಂಹಿತೆ ಇಲ್ಲಿ ಬಿಗಿ. ಐದು ಇಂದ್ರಿಯ, ಆರನೆಯದಾಗಿ ಪ್ರಶ್ನೆ: ಇವುಗಳಿಂದಲೇ ರೋಗ ತಿಳಿಯಬೇಕು. ಕರೆಯಲು ಬಂದ ದೂತನ ವೇಷ, ಮಾತುಗಳಲ್ಲೂ ಅದು ಶಕುನ ನೋಡುತ್ತದೆ. ಆ ಭಾಗವನ್ನು ಇಂದು ನಂಬುವುದು ಕಷ್ಟ.

ರೋಗಿ ಬರೆದ ಕಾಗದದಲ್ಲಿ ನಾಡಿ ಸಿಗದು. ಆದರೂ 18ನೇ ಶತಮಾನದ ಯುರೋಪಿನಲ್ಲಿ ಅಂಚೆ ವೈದ್ಯ ಭರ್ಜರಿಯಾಗಿ ನಡೆಯಿತು. ಎಡಿನ್‌ಬರೋದ ವೈದ್ಯ ವಿಲಿಯಂ ಕಲನ್ ತಾನು ಬರೆದ ಉತ್ತರಗಳ ಪ್ರತಿ ತೆಗೆದಿಡಲು 1781ರಿಂದ ಜೇಮ್ಸ್ ವಾಟ್‌ನ ನಕಲು ಯಂತ್ರವನ್ನೇ ಬಳಸಿದ. ಲೋಸಾನ್‌ನ ವೈದ್ಯ ಟಿಸ್ಸೊಗೆ ಬಂದ ಸಾವಿರಕ್ಕೂ ಹೆಚ್ಚು ಪತ್ರಗಳು ಉಳಿದಿವೆ. ಹಸ್ತಮೈಥುನದ ವಿರುದ್ಧ ಅವನು ಬರೆದ ಪುಸ್ತಕ ಓದಿ ಹೆದರಿದ ತರುಣರು ಆ ಪತ್ರಗಳಲ್ಲಿ ತಮ್ಮ ‘ಪಾಪ’ ತೋಡಿಕೊಂಡರು. ಭಯ ಹುಟ್ಟಿಸಿದವನೇ ಪರಿಹಾರವನ್ನೂ ಹೇಳಬೇಕಾಯಿತು! ಎದುರು ಕೂತು ಬಾಯಿಬಿಡಲಾಗದ್ದು ಕಾಗದದಲ್ಲಿ ಹೊರಬಂತು, ನಿಜ. ಆದರೆ ಪಾದ್ರಿಗೆ ತಪ್ಪೊಪ್ಪಿಗೆಯೇ ಸಾಕು. ವೈದ್ಯನಿಗೆ ರೋಗಿ ಗಮನಿಸದೇ ಬಿಟ್ಟದ್ದೂ ಬೇಕು.

ಭಾರತದಲ್ಲಿ 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿ, ದೂರದಿಂದಲೇ ಸಲಹೆ ಕೊಡಬಹುದೋ, ರೋಗಿಯನ್ನು ಕಣ್ಣಾರೆ ನೋಡಲೇಬೇಕೋ ಎಂಬ ತೀರ್ಮಾನವನ್ನು ವೈದ್ಯರ ವಿವೇಚನೆಗೇ ಬಿಟ್ಟಿದೆ.