ಆರಿಸುವವನ ಹೊಣೆ

ಕೆಲಸ ಹುಡುಕುವವನ ಕಷ್ಟದ ಬಗ್ಗೆ ನಾವು ಬೇಕಾದಷ್ಟು ಮಾತನಾಡುತ್ತೇವೆ. ಕೆಲಸ ಕೊಡುವವನ ಹೊಣೆಯ ಬಗ್ಗೆ ಮಾತನಾಡುವವರು ವಿರಳ. ಹತ್ತು ಮಂದಿಯಲ್ಲಿ ಒಬ್ಬನನ್ನು ಆರಿಸುವವನು ಉಳಿದ ಒಂಬತ್ತು ಮಂದಿಗೆ ಏನಾದರೂ ಸಲ್ಲಿಸಬೇಕಾದುದಿದೆಯೇ? ಆರಿಸುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದರೆ ತಪ್ಪಿನ ಹೊಣೆಯೂ ಯಂತ್ರಕ್ಕೇ ಹೋಗುತ್ತದೆಯೇ? ಇವು ದೊಡ್ಡ ಕಂಪೆನಿಯವರು ಮಾತ್ರ ಯೋಚಿಸಬೇಕಾದ ಪ್ರಶ್ನೆಗಳೆಂದು ನಾನೂ ತಿಳಿದಿದ್ದೆ, ನಮ್ಮ ಶಾಲೆಗೆ ಒಬ್ಬ ಅಧ್ಯಾಪಕರು ಬೇಕಾಗುವ ತನಕ.

ಕಳೆದ ವರ್ಷ ನಾನು ಪಾಠ ಮಾಡುವ ಶಾಲೆಯಲ್ಲಿ ಕನ್ನಡ ಅಧ್ಯಾಪಕರ ಜಾಗ ಖಾಲಿಯಾಯಿತು. ಹಿಂದೆಲ್ಲ ಪರಿಚಯದವರಲ್ಲಿ ಹೇಳಿ, ಜುಮಾ ನಮಾಝಿನ ಬಳಿಕ ಮಸೀದಿಯ ಅಂಗಳದಲ್ಲಿ ವಿಚಾರಿಸಿ, ಪತ್ರಿಕೆಯಲ್ಲಿ ನಾಲ್ಕು ಸಾಲು ಜಾಹೀರಾತು ಕೊಟ್ಟು ಮುಗಿಸುತ್ತಿದ್ದೆವು. ಈ ಸಲ ಕಮಿಟಿಯ ಯುವಕರು ಅಂತರ್ಜಾಲದ ಉದ್ಯೋಗ ತಾಣದಲ್ಲಿ ಹಾಕೋಣ ಎಂದರು. ಕನ್ನಡ ಓದಿದವನೆಂಬ ಕಾರಣಕ್ಕೆ ಅರ್ಜಿ ನೋಡುವ ಕೆಲಸ ನನ್ನ ಪಾಲಿಗೆ ಬಂತು. ಐದೇ ದಿನಗಳಲ್ಲಿ ನೂರಕ್ಕೂ ಹೆಚ್ಚು ಅರ್ಜಿಗಳು ಬಂದವು. ಬಿ.ಎಡ್. ಆಗಿರಬೇಕು, ಮೂರು ವರ್ಷದ ಅನುಭವ ಇರಬೇಕು ಎಂದು ಎರಡು ಕಡೆ ಗುರುತು ಒತ್ತಿದೆ. ನೂರು ಇದ್ದದ್ದು ಹದಿನೇಳಾಯಿತು. ಆ ಹದಿನೇಳರಲ್ಲಿ ಒಬ್ಬರನ್ನು ಆರಿಸಿದೆವು. ಕೆಲಸ ಎಷ್ಟು ಸುಲಭವಾಯಿತು ಎಂದು ಹಿಗ್ಗಿದೆ.

ಎರಡು ತಿಂಗಳ ಬಳಿಕ ಒಂದು ಮದುವೆ ಮನೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಬಂದು ಸಲಾಂ ಹೇಳಿದ. ಊಟವಾದ ಮೇಲೆ ಬದಿಗೆ ಕರೆದು ಮೆಲ್ಲನೆ ಕೇಳಿದ: "ಉಸ್ತಾದ್, ನಾನೂ ಅರ್ಜಿ ಹಾಕಿದ್ದೆ. ನನ್ನಲ್ಲಿ ಏನು ಕೊರತೆ ಕಂಡಿತು ಎಂದು ಹೇಳಿದರೆ ತಿದ್ದಿಕೊಳ್ಳುತ್ತೇನೆ." ನಾನು ನಿರುತ್ತರನಾದೆ. ಅವನಲ್ಲಿ ನಾನು ಯಾವ ಕೊರತೆಯನ್ನೂ ಕಂಡಿರಲಿಲ್ಲ, ಏಕೆಂದರೆ ನಾನು ಅವನನ್ನೇ ಕಂಡಿರಲಿಲ್ಲ. ಬಿ.ಎಡ್. ಮುಗಿಸಿ ನಾಲ್ಕು ವರ್ಷ ಊರಿನ ಮಕ್ಕಳಿಗೆ ಸಂಜೆ ಪಾಠ ಹೇಳಿಕೊಟ್ಟವನು ಅವನು. ಆ ಪಾಠಕ್ಕೆ ಯಾವ ಶಾಲೆಯ ಸರ್ಟಿಫಿಕೇಟೂ ಇಲ್ಲದ್ದರಿಂದ ಅನುಭವದ ಜಾಗದಲ್ಲಿ ಪ್ರಾಮಾಣಿಕವಾಗಿ ಸೊನ್ನೆ ತುಂಬಿದ್ದ. ನನ್ನ ಜರಡಿ ಆ ಪ್ರಾಮಾಣಿಕತೆಯನ್ನೇ ಹೊರಗೆ ಚೆಲ್ಲಿತ್ತು.

ಆ ರಾತ್ರಿಯಿಂದ ಈ ತಾಣಗಳು ಹೇಗೆ ನಡೆಯುತ್ತವೆ ಎಂದು ತಿಳಿಯಲು ತೊಡಗಿದೆ. ನಮ್ಮ ತಂದೆಯವರ ಕಾಲದಲ್ಲಿ ಇದ್ದುದು ಸರಕಾರದ ಉದ್ಯೋಗ ವಿನಿಮಯ ಕೇಂದ್ರ. ಖಾಲಿ ಹುದ್ದೆಗಳನ್ನು ಆ ಕೇಂದ್ರಕ್ಕೆ ತಿಳಿಸಬೇಕೆಂಬ ಕಾನೂನು 1959ರಲ್ಲೇ ಬಂದಿತ್ತು. 1997ರಲ್ಲಿ ನೌಕರಿ ಡಾಟ್ ಕಾಮ್ ಆರಂಭವಾಯಿತು. ಅಮೆರಿಕದಲ್ಲಿ 1994ರಲ್ಲಿ ಹುಟ್ಟಿದ ಮಾನ್‌ಸ್ಟರ್‌ನ ಭಾರತದ ಶಾಖೆ ಬೆಂಗಳೂರಿನ ಕ್ವೆಸ್ ಕಂಪೆನಿಯ ಕೈಗೆ ಬಂದು, 2022ರಲ್ಲಿ ಫೌಂಡಿಟ್ ಎಂದು ಹೆಸರು ಬದಲಿಸಿತು. 2003ರಲ್ಲಿ ಬಳಕೆಗೆ ಬಂದ ಲಿಂಕ್ಡ್‌ಇನ್ ಅನ್ನು 2016ರಲ್ಲಿ ಮೈಕ್ರೋಸಾಫ್ಟ್ ಕೊಂಡಿತು. 2004ರ ಇಂಡೀಡ್, 2019ರಲ್ಲಿ ಆರಂಭವಾದ ಬೆಂಗಳೂರಿನ ಅಪ್ನಾ, ಕೇಂದ್ರ ಸರಕಾರ 2015ರಲ್ಲಿ ತೆರೆದ ನ್ಯಾಷನಲ್ ಕೆರಿಯರ್ ಸರ್ವಿಸ್, ಹೀಗೆ ಪಟ್ಟಿ ಬೆಳೆಯುತ್ತದೆ.

ಇವುಗಳಲ್ಲಿ ಯಾವುದು ಒಳ್ಳೆಯದು? ಯಾರನ್ನು ಹುಡುಕುತ್ತೀರಿ ಎಂಬುದರ ಮೇಲೆ ಉತ್ತರ ನಿಂತಿದೆ. ನೌಕರಿ, ಫೌಂಡಿಟ್‌ಗಳಲ್ಲಿ ಬಯೋಡಾಟಾಗಳ ದೊಡ್ಡ ಉಗ್ರಾಣವಿದೆ. ಹಣ ಕೊಟ್ಟ ಮಾಲಿಕನು ಪದಗಳನ್ನು ಹಾಕಿ ಹುಡುಕುತ್ತಾನೆ. ಸರಿಯಾದ ಪದ ಬರೆದವನು ಮೇಲೆ ಬರುತ್ತಾನೆ, ಬರೆಯಲು ಬಾರದವನು ಅಡಿಯಲ್ಲೇ ಉಳಿಯುತ್ತಾನೆ. ಲಿಂಕ್ಡ್‌ಇನ್ ಪರಿಚಯಗಳ ಬಲೆ. ದೊಡ್ಡ ಊರಿನ ದೊಡ್ಡ ಹುದ್ದೆಗೆ ಅದು ಅನುಕೂಲ, ಆದರೆ ಪರಿಚಯವಿಲ್ಲದವನಿಗೆ ಅಲ್ಲಿಯೂ ಬಾಗಿಲು ಕಿರಿದು. ಇಂಡೀಡ್‌ನಲ್ಲಿ ಹಣ ಕೊಟ್ಟ ಜಾಹೀರಾತು ಹೆಚ್ಚು ಕಣ್ಣಿಗೆ ಬೀಳುತ್ತದೆ. ಅಂಗಡಿಯ ಕೆಲಸ, ಸಾಮಾನು ತಲುಪಿಸುವ ಕೆಲಸ ಮೊದಲಾದವುಗಳಿಗೆ ಅಪ್ನಾ ಹತ್ತಿರ. ಅಲ್ಲಿ ಮೊಬೈಲ್ ಇದ್ದರೆ ಸಾಕು. ಸರಕಾರದ ತಾಣದಲ್ಲಿ ಹೆಸರು ನೋಂದಾಯಿಸಲು ಶುಲ್ಕವಿಲ್ಲ.

ಒಂದು ಮಾತನ್ನು ಮಾತ್ರ ನಾವು ಮರೆಯಬಾರದು. ಖಾಸಗಿ ತಾಣಗಳ ಆದಾಯದ ದೊಡ್ಡ ಪಾಲು ಬರುವುದು ಕೆಲಸ ಕೊಡುವವನ ಕಿಸೆಯಿಂದ. ಹಾಗಾದರೆ ಅಂಗಡಿಯ ಗಿರಾಕಿ ಅವನೇ. ಕೆಲಸ ಹುಡುಕುವವನು ಅಲ್ಲಿ ಗಿರಾಕಿಗಿಂತ ಹೆಚ್ಚಾಗಿ ಕಪಾಟಿನಲ್ಲಿಟ್ಟ ಸಾಮಾನು. ಸಾಮಾನಿನ ಜೊತೆ ಯಾರೂ ಮಾತನಾಡುವುದಿಲ್ಲ. ನನ್ನ ವಿದ್ಯಾರ್ಥಿಗೆ ಎರಡು ತಿಂಗಳು ಒಂದು ಸಾಲಿನ ಉತ್ತರವೂ ಹೋಗದೇ ಇದ್ದುದು ಇದರಿಂದಲೇ ಎಂದು ಹೇಳಿ ಪಾರಾಗಬಹುದಿತ್ತು. ಆದರೆ ಉತ್ತರ ಕಳುಹಿಸುವ ಗುಂಡಿ ನನ್ನ ಬೆರಳ ಕೆಳಗೇ ಇತ್ತಲ್ಲ!

ಹಳೆಯ ಪದ್ಧತಿಯೇ ನ್ಯಾಯವಾಗಿತ್ತು ಎಂದು ಕೆಲವರು ಹೇಳುತ್ತಾರೆ. ಅದೂ ಸರಿಯಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಎಂಬ ವಿದ್ವಾಂಸರು ಪತ್ರಿಕೆಗಳ 548 ಉದ್ಯೋಗ ಜಾಹೀರಾತುಗಳಿಗೆ 4,808 ಅರ್ಜಿಗಳನ್ನು ಕಳುಹಿಸಿ ನೋಡಿದರು. ಅರ್ಹತೆ ಒಂದೇ, ಹೆಸರು ಮಾತ್ರ ಬೇರೆ. ಮೇಲ್ಜಾತಿಯ ಹಿಂದೂ ಹೆಸರಿಗಿಂತ ದಲಿತ ಹೆಸರಿಗೂ ಮುಸ್ಲಿಂ ಹೆಸರಿಗೂ ಕರೆ ಬರುವ ಸಂಭವ ಕಡಿಮೆಯೆಂದು 2007ರಲ್ಲಿ ಪ್ರಕಟಿಸಿದರು. ಇನ್ನು ಯಂತ್ರವಾದರೂ ನಿಷ್ಪಕ್ಷಪಾತಿಯೇ? ಅರ್ಜಿಗಳಿಗೆ ಅಂಕ ಕೊಡಲು ಅಮೆಝಾನ್ ಕಂಪೆನಿ ಒಂದು ಯಂತ್ರಬುದ್ಧಿಯನ್ನು ತಯಾರಿಸಿತ್ತು. ಹಿಂದಿನ ವರ್ಷಗಳ ಅರ್ಜಿಗಳಲ್ಲಿ ಗಂಡಸರದೇ ಹೆಚ್ಚಾಗಿದ್ದುದರಿಂದ ಅದು ಹೆಂಗಸರ ಅರ್ಜಿಗಳನ್ನು ಕೆಳಗೆ ತಳ್ಳಲು ಕಲಿಯಿತು. ಕಂಪೆನಿ ಅದನ್ನು ಕೈಬಿಟ್ಟಿತೆಂದು 2018ರಲ್ಲಿ ವರದಿಯಾಯಿತು. ಮನುಷ್ಯನ ಮನಸ್ಸಿನ ಕೊಳೆಯೇ ಯಂತ್ರಕ್ಕೂ ಇಳಿಯುತ್ತದೆ ಎಂಬುದು ಇದರ ಪಾಠ. ಅಂಗಳದಲ್ಲಿ ವಿಚಾರಿಸಿ ಆರಿಸಿದ ನಮ್ಮ ಪದ್ಧತಿಯಲ್ಲೂ ನಮ್ಮವರ ಹೊರತು ಬೇರೆಯವರಿಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಅದು ಅನ್ಯಾಯವೆಂದು ಆಗ ನಮಗೆ ಹೊಳೆದಿತ್ತೇ?

ನೂರು ಅರ್ಜಿಗಳನ್ನು ಓದಲು ಒಬ್ಬ ಅಧ್ಯಾಪಕನಿಗೆ ಸಮಯವೆಲ್ಲಿ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಜರಡಿ ಹಿಡಿಯುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ಜರಡಿಯ ಕಣ್ಣು ಎಷ್ಟು ದೊಡ್ಡದಿರಬೇಕೆಂದು ನಿರ್ಧರಿಸಿದವರು ಯಾರು? ಮೂರು ವರ್ಷದ ಅನುಭವ ಬೇಕೆಂದು ಯಂತ್ರ ಹೇಳಲಿಲ್ಲ, ನಾನು ಹೇಳಿದೆ. ಏಕೆ ಮೂರು? ಎರಡು ಏಕಲ್ಲ? ನನ್ನಲ್ಲಿ ಕಾರಣವಿರಲಿಲ್ಲ. ಕಾರಣವಿಲ್ಲದ ಷರತ್ತಿನಿಂದ ಒಬ್ಬನ ಅನ್ನ ತಪ್ಪಿದರೆ ಅದರ ಲೆಕ್ಕ ಷರತ್ತು ಹಾಕಿದವನ ಖಾತೆಗೇ ಸೇರುತ್ತದೆ.

ಮದ್‌ಯನ್ ಊರಿನಲ್ಲಿ ಪ್ರವಾದಿ ಮೂಸಾ(ಅ)ರಿಗೆ ಕೆಲಸ ಸಿಕ್ಕಿದ ಸಂದರ್ಭವನ್ನು ನೆನೆಯಿರಿ. ಅವರು ತಪ್ಪಿಸಿಕೊಂಡು ಬಂದ ಪರದೇಶಿ. ಕೈಯಲ್ಲಿ ಕಾಗದವಿಲ್ಲ, ಶಿಫಾರಸು ಮಾಡುವವರಿಲ್ಲ. ಬಾವಿಯ ಬಳಿ ಕಾದು ನಿಂತ ಇಬ್ಬರು ಹೆಣ್ಣುಮಕ್ಕಳ ಆಡುಗಳಿಗೆ ನೀರು ಕುಡಿಸಿ, ಕೂಲಿ ಕೇಳದೆ ನೆರಳಿಗೆ ಹೋದರು. ಅವರನ್ನು ಇಟ್ಟುಕೊಳ್ಳೋಣವೆಂದು ತಂದೆಗೆ ಹೇಳಿದ ಮಗಳು ಅವರ ಕೆಲಸವನ್ನೂ ನಡತೆಯನ್ನೂ ಕಣ್ಣಾರೆ ಕಂಡಿದ್ದಳು. ನನ್ನ ಜರಡಿಯಲ್ಲಿ ಅಂಥವರು ಉಳಿಯುತ್ತಿದ್ದರೇ? ಈ ಯೋಚನೆ ಬಂದಾಗ ನಾಚಿಕೆಯಾಯಿತು.

ಅರ್ಜಿ ಹಾಕುವವರಿಗೂ ಹೊಣೆಯಿದೆ. ಇಲ್ಲದ ಅನುಭವ ಬರೆಯುವುದು ಸುಳ್ಳು. ಅದು ನನ್ನ ವಿದ್ಯಾರ್ಥಿಯಂಥ ಪ್ರಾಮಾಣಿಕರ ಪಾಲನ್ನು ಕಸಿಯುತ್ತದೆ. ಬೇಕೋ ಬೇಡವೋ ಕಂಡಲ್ಲೆಲ್ಲ ಬೆರಳು ಒತ್ತುವುದರಿಂದ ನಿಜವಾಗಿ ಬೇಕಾದವನ ಅರ್ಜಿ ರಾಶಿಯಡಿ ಹೂತುಹೋಗುತ್ತದೆ. ಕೆಲಸ ಕೊಡುವ ಮೊದಲೇ ಹಣ ಕೇಳುವವರನ್ನು ನಂಬಬೇಡಿ. ಗಲ್ಫ್‌ಗೆ ಕಳುಹಿಸುವ ಏಜೆಂಟರು 1983ರ ವಲಸೆ ಕಾಯಿದೆಯಂತೆ ನೋಂದಾಯಿತರಾಗಿರಬೇಕು. ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ಅವರ ಹೆಸರನ್ನು ನೋಡಿದ ಮೇಲೆಯೇ ಪಾಸ್‌ಪೋರ್ಟ್ ಹೊರತೆಗೆಯಿರಿ.

ಮಸೀದಿ, ಮದ್ರಸ, ಅಂಗಡಿ, ಶಾಲೆ ನಡೆಸುವ ಸಹೋದರರಲ್ಲಿ ನನ್ನ ವಿನಂತಿ ಇಷ್ಟೇ. ಜಾಹೀರಾತಿನಲ್ಲಿ ಸಂಬಳ ಎಷ್ಟೆಂದು ಬರೆಯಿರಿ. ಕೆಲಸಕ್ಕೆ ನಿಜವಾಗಿ ಬೇಕಾದ ಷರತ್ತು ಮಾತ್ರ ಹಾಕಿ. ಜರಡಿಯಿಂದ ಬಿದ್ದವುಗಳಲ್ಲಿ ಹತ್ತನ್ನಾದರೂ ಓದಿ. ಮೊದಲ ಓದಿನಲ್ಲಿ ಹೆಸರನ್ನು ಮುಚ್ಚಿಡಿ. ಸಿಗದವರಿಗೂ ಎರಡು ಸಾಲು ಉತ್ತರ ಕೊಡಿ. ಕೆಲಸ ಮುಗಿದ ಮೇಲೆ ಅವರ ಬಯೋಡಾಟಾ ಅಳಿಸಿಬಿಡಿ. ಇನ್ನೊಬ್ಬರ ವಿಳಾಸ, ಫೋನ್ ನಂಬರು ನಮ್ಮಲ್ಲಿ ಅಮಾನತ್ತು. ಅಂಥ ಮಾಹಿತಿಯ ರಕ್ಷಣೆಗೆ 2023ರಲ್ಲಿ ದೇಶದ ಕಾನೂನೂ ಬಂದಿದೆ.

ಆ ಹುಡುಗನ ಮನೆಗೆ ಹೋಗಿ ನಡೆದುದನ್ನು ಹೇಳಿ ಕ್ಷಮೆ ಕೇಳಿದೆ. "ಪರವಾಗಿಲ್ಲ ಉಸ್ತಾದ್, ನಿಮಗೆ ಗೊತ್ತಿರಲಿಲ್ಲವಲ್ಲ" ಎಂದ. ಗೊತ್ತಿರಲಿಲ್ಲ ಎಂಬುದು ನಿಜ. ಗೊತ್ತುಮಾಡಿಕೊಳ್ಳಬಹುದಿತ್ತು ಎಂಬುದೂ ಅಷ್ಟೇ ನಿಜ. ಈ ವರ್ಷ ಗುಮಾಸ್ತರ ಕೆಲಸಕ್ಕೆ ಅರವತ್ತು ಅರ್ಜಿಗಳು ಬಂದವು. ಎಲ್ಲವನ್ನೂ ಓದಿ, ಎಲ್ಲರಿಗೂ ಉತ್ತರಿಸಲು ಎರಡು ಸಂಜೆಗಳು ಹಿಡಿದವು. ಅಷ್ಟು ಸಮಯ ಹೋದ ವರ್ಷವೂ ನನ್ನಲ್ಲಿತ್ತು.