ಪಾಸ್‌ವರ್ಡ್ ಲಗ್ನಪತ್ರಿಕೆಯಲ್ಲೇ ಇತ್ತು

ಕಳೆದ ವರ್ಷ ದೊಡ್ಡಮ್ಮನ ಮಗಳ ಮದುವೆ ಮುಗಿದ ಇಪ್ಪತ್ತು ದಿನಕ್ಕೆ ಫೋಟೋಗ್ರಾಫರ್ ಒಂದು ಲಿಂಕ್ ಕಳಿಸಿದರು. ಎರಡು ಸಾವಿರಕ್ಕೂ ಹೆಚ್ಚು ಫೋಟೋಗಳಿದ್ದವು. ನೋಡಲು ಒಂದು ಪಾಸ್‌ವರ್ಡ್, ಡೌನ್‌ಲೋಡ್ ಮಾಡಿಕೊಳ್ಳಲು ಬೇರೆ ಪಿನ್, ಆರು ತಿಂಗಳಾದ ಮೇಲೆ ಲಿಂಕ್ ತಾನಾಗಿಯೇ ಮುಚ್ಚಿಹೋಗುವ ಏರ್ಪಾಡು ಎಲ್ಲವನ್ನೂ ಮಾಡಿದ್ದರು. "ಇಷ್ಟೆಲ್ಲ ಯಾರಪ್ಪ ನೆನಪಿಟ್ಕೋತಾರೆ" ಎಂದು ದೊಡ್ಡಪ್ಪ ಪಿನ್ ತೆಗೆಸಿದರು, ಪಾಸ್‌ವರ್ಡನ್ನು ಮದುವೆಯ ತಾರೀಕಿಗೆ ಬದಲಾಯಿಸಿದರು. ಲಗ್ನಪತ್ರಿಕೆಯಲ್ಲಿ ಅಚ್ಚಾಗಿ ಊರೂರಿಗೆ ಹಂಚಿದ್ದ ತಾರೀಕೇ ನಮ್ಮ ಬೀಗಕ್ಕೆ ಕೀಲಿಯಾಯಿತು. ಆಗ ಎಲ್ಲರೂ ನಕ್ಕೆವು. ಆ ಲಿಂಕನ್ನು ನನ್ನ ಹಾಸ್ಟೆಲ್ ಗೆಳತಿಯರ ಗುಂಪಿಗೆ ಹಾಕಿದವಳು ನಾನೇ.

ಆ ಫೋಟೋಗಳಲ್ಲಿ ಒಂದು ನನ್ನ ಚಿಕ್ಕಮ್ಮನದು. ಆರತಕ್ಷತೆ ಮುಗಿದ ರಾತ್ರಿ ಛತ್ರದ ಉಗ್ರಾಣದಲ್ಲಿ ಅಕ್ಕಿ ಮೂಟೆಗೆ ತಲೆ ಆನಿಸಿ, ಕಾಲು ನೀಡಿ, ಬಾಯಿ ತುಸು ತೆರೆದು ನಿದ್ದೆ ಹೋಗಿದ್ದಾಳೆ. ಮೂರು ದಿನ ಅವಳು ಕೂತದ್ದನ್ನು ನಾನು ಕಂಡಿರಲಿಲ್ಲ. ಇಡೀ ಆಲ್ಬಮ್ಮಿನಲ್ಲಿ ಆ ಮದುವೆಯ ನಿಜವಾದ ದಣಿವು ಇದ್ದದ್ದು ಅದೊಂದೇ ಫೋಟೋದಲ್ಲಿ. ಯಾರೋ ಅದರಿಂದ ಅವಳ ಮುಖವನ್ನಷ್ಟೇ ಕತ್ತರಿಸಿ, ಕೆಳಗೆ 'ಗುಡ್ ನೈಟ್' ಬರೆದು ವಾಟ್ಸ್ಆ್ಯಪ್ ಸ್ಟಿಕರ್ ಮಾಡಿದರು. ಎರಡು ತಿಂಗಳ ಮೇಲೆ ಅದು ಚಿಕ್ಕಮ್ಮನ ಸ್ತ್ರೀಶಕ್ತಿ ಸಂಘದ ಗುಂಪಿಗೇ ಬಂದು ತಲುಪಿತು. ಯಾರ ಕೈಯಿಂದ ಯಾರ ಕೈಗೆ ಹೋಗಿತ್ತೋ ಗೊತ್ತಿಲ್ಲ. ನನ್ನ ಗುಂಪಿನ ಮೂಲಕವೂ ಹೋಗಿರಬಹುದು.

"ನಿದ್ದೇಲಿದ್ದೋಳನ್ನ ಯಾರು ಕೇಳಿದ್ರೇ?" ಎಂದಳು ಚಿಕ್ಕಮ್ಮ. ನನ್ನಲ್ಲಿ ಉತ್ತರವಿರಲಿಲ್ಲ.

ಫೋಟೋಗ್ರಾಫರಿಗೆ ಫೋನ್ ಮಾಡಿದೆ. ಅವರು ಸೌಜನ್ಯದಿಂದಲೇ ಮಾತಾಡಿದರು. "ಗ್ಯಾಲರಿ ನಿಮ್ಮ ದೊಡ್ಡಪ್ಪನವರ ಹೆಸರಲ್ಲಿದೆ ಮೇಡಂ. ಅವರು ಒಂದು ಮಾತು ಹೇಳಿದರೆ ತೆಗೀತೀನಿ" ಎಂದರು. ಕಾನೂನಿನ ದಾರಿಯೂ ಬಹುಮಟ್ಟಿಗೆ ಇದೇ. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಹಣ ಕೊಟ್ಟು ತೆಗೆಸಿದ ಫೋಟೋಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಒಡೆಯರು. ಒಪ್ಪಂದವಿದ್ದರೆ ಫೋಟೋಗ್ರಾಫರ್ ಒಡೆಯರಾಗಬಹುದು. ಎರಡೂ ಕಡೆ ಚಿಕ್ಕಮ್ಮನಿಗೆ ಜಾಗವಿಲ್ಲ. 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಕೂಡ, ಒಬ್ಬ ವ್ಯಕ್ತಿ ತನ್ನ ಸ್ವಂತದ ಅಥವಾ ಮನೆಯ ಉದ್ದೇಶಕ್ಕೆ ಬಳಸುವ ಮಾಹಿತಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಮನೆಯೊಳಗಿನ ನೋವಿಗೆ ಮನೆಯವರೇ ಉತ್ತರ ಹುಡುಕಬೇಕು.

ಹಾಗಾದರೆ ಆ ಬೀಗ ಕಾಯುತ್ತಿದ್ದದ್ದು ಯಾರನ್ನು? ವಾಟರ್‌ಮಾರ್ಕ್ ಕಾಯುವುದು ಫೋಟೋಗ್ರಾಫರ್ ದುಡಿಮೆಯನ್ನು, ಪಾಸ್‌ವರ್ಡ್ ಕಾಯುವುದು ಹಣ ಕೊಟ್ಟವರ ಸೊತ್ತನ್ನು. ಎರಡೂ ನ್ಯಾಯವೇ. ಆದರೆ ಎರಡೂ ಹುಟ್ಟಿದ್ದು ಕಳ್ಳನ ಭಯದಿಂದ. ನಮ್ಮ ವಿಷಯದಲ್ಲಿ ಕಳ್ಳನೇ ಇರಲಿಲ್ಲ. ಲಿಂಕ್ ದಾಟಿಸಿದವರೆಲ್ಲ ಪಾಸ್‌ವರ್ಡ್ ಗೊತ್ತಿದ್ದವರು, ಮದುವೆಯಲ್ಲಿ ಉಂಡವರು.

ಇಲ್ಲಿ ನನಗೆ ಒಂದು ಹಳೆಯ ವಿಚಾರ ನೆನಪಾಗುತ್ತದೆ. ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಮಿತಾಕ್ಷರಾ ಬರೆದದ್ದು ಯಾಜ್ಞವಲ್ಕ್ಯ ಸ್ಮೃತಿಯ ಮೇಲೆ. ಆ ಸ್ಮೃತಿಯಲ್ಲಿ 'ಉಪನಿಧಿ' ಎಂಬ ಪ್ರಕರಣವಿದೆ. ಒಳಗೇನಿದೆ ಎಂದು ಹೇಳದೆ, ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಇನ್ನೊಬ್ಬರ ಕೈಗೆ ಕೊಟ್ಟ ವಸ್ತುವೇ ಉಪನಿಧಿ. ಕೊಟ್ಟ ಹಾಗೆಯೇ ಅದನ್ನು ಹಿಂತಿರುಗಿಸಬೇಕು. ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ಅದು ಕೈತಪ್ಪಿದರೆ ಇಟ್ಟುಕೊಂಡವನು ತುಂಬಿಕೊಡಬೇಕಾಗಿಲ್ಲ. ಆದರೆ ತನ್ನ ಇಷ್ಟಕ್ಕೆ ಬಳಸಿಕೊಂಡರೆ ದಂಡ ಉಂಟು. ಬೇರೆ ವಿಷಯಗಳಲ್ಲಿ ಸ್ಮೃತಿಗಳೊಡನೆ ನನಗೆ ಬೇಕಾದಷ್ಟು ಜಗಳವಿದೆ. ಆದರೂ ಕಳವಾದದ್ದಕ್ಕೆ ಕ್ಷಮೆ, ಬಳಸಿಕೊಂಡದ್ದಕ್ಕೆ ದಂಡ ಎನ್ನುವ ಈ ವಿವೇಕ ನಮ್ಮ ಸೈಬರ್ ಸುರಕ್ಷತೆಯ ಮಾತುಗಳಲ್ಲಿ ಕಾಣುವುದಿಲ್ಲ. ನಾವು ಹ್ಯಾಕರ್‌ಗೆ ಹೆದರುತ್ತೇವೆ, ನಮ್ಮ ಹೆಬ್ಬೆರಳಿಗೆ ಹೆದರುವುದಿಲ್ಲ.

ಹೋಲಿಕೆ ಪೂರ್ತಿ ಕೂಡುವುದಿಲ್ಲ ಎಂಬುದೂ ನಿಜ. ಪೆಟ್ಟಿಗೆಯನ್ನು ತಿಳಿದೇ ಕೊಡುತ್ತಾರೆ. ಚಿಕ್ಕಮ್ಮ ತನ್ನ ಮುಖವನ್ನು ಯಾರ ಕೈಗೂ ಕೊಡಲಿಲ್ಲ, ನಂಬಿಕೆಯಿಂದ ನಿದ್ದೆ ಮಾಡಿದಳು, ಅಷ್ಟೇ. ಪೆಟ್ಟಿಗೆಯನ್ನು ಹಿಂದಕ್ಕೆ ಕೊಡಬಹುದು, ಫೋಟೋವನ್ನು ಕೊಡಲಾಗದು. ಪ್ರತಿ ಕೈ ದಾಟಿದಾಗಲೂ ಅದು ಇನ್ನೊಂದಾಗಿ ಹಿಂದೆಯೂ ಉಳಿಯುತ್ತದೆ. ಹಾಗಿರುವಾಗ ನಮ್ಮ ಹೊಣೆ ಹೆಚ್ಚಬೇಕೇ ಹೊರತು ಕಡಿಮೆಯಾಗಬಾರದು.

ಇದಕ್ಕೂ ಯಂತ್ರದಲ್ಲಿ ಪರಿಹಾರವಿದೆ ಎನ್ನುತ್ತಾರೆ. ಈಗ ಕೆಲವು ಮದುವೆಗಳಲ್ಲಿ ಬಾಗಿಲ ಬಳಿಯೇ ಕ್ಯೂಆರ್ ಕೋಡ್ ಇಟ್ಟಿರುತ್ತಾರೆ. ಸ್ಕ್ಯಾನ್ ಮಾಡಿ ಸೆಲ್ಫಿ ಕೊಟ್ಟರೆ ನೀವಿರುವ ಫೋಟೋಗಳಷ್ಟೇ ನಿಮಗೆ ಬರುತ್ತವೆ. ಕೇಳಲು ಚೆನ್ನಾಗಿದೆ. ಆದರೆ ನಿಮ್ಮದನ್ನು ಹೆಕ್ಕಲು ಆ ಯಂತ್ರ ಅಲ್ಲಿರುವ ಪ್ರತಿಯೊಂದು ಮುಖವನ್ನೂ ಅಳೆಯಬೇಕು. ತೊಟ್ಟಿಲ ಮಗುವಿನದೂ, ಸೆಲ್ಫಿ ಎಂದರೇನೆಂದು ತಿಳಿಯದ ಅಜ್ಜಿಯದೂ, ಬಡಿಸುವ ಹುಡುಗನದೂ ಸೇರಿ. ಕೇಳದೆ ಇರುವ ಅದೇ ತಪ್ಪು ಇನ್ನಷ್ಟು ಅಚ್ಚುಕಟ್ಟಾಗಿ ನಡೆಯುತ್ತದೆ.

ಹಾಗೆಂದು ಪ್ರತಿ ಕ್ಲಿಕ್ಕಿಗೂ ಒಪ್ಪಿಗೆ ಕೇಳುತ್ತ ಹೋದರೆ ಫೋಟೋಗ್ರಫಿಯೇ ಉಳಿಯದು. ಕೇಳಿದ್ದರೆ ಚಿಕ್ಕಮ್ಮ ಎದ್ದು ಸೆರಗು ಸರಿಮಾಡಿಕೊಳ್ಳುತ್ತಿದ್ದಳು, ಆ ಫೋಟೋ ಇರುತ್ತಲೇ ಇರಲಿಲ್ಲ. ಆದ್ದರಿಂದ ತೆಗೆದವರನ್ನು ನಾನು ದೂರಲಾರೆ. ಕೇಳಬೇಕಾದದ್ದು ತೆಗೆಯುವಾಗ ಅಲ್ಲದಿದ್ದರೂ, ದಾಟಿಸುವಾಗ. ಆಗ ಯಾರಿಗೂ ಅವಸರವಿರಲಿಲ್ಲ, ಚಿಕ್ಕಮ್ಮ ಎಚ್ಚರವಾಗಿಯೇ ಇದ್ದಳು. ಒಂದು ಫೋನ್ ಮಾಡಿದ್ದರೆ ಸಾಕಿತ್ತು. ನಾನು ಮಾಡಲಿಲ್ಲ.

ದೊಡ್ಡಪ್ಪನಿಂದ ಹೇಳಿಸಿ ಆ ಫೋಟೋವನ್ನು ಗ್ಯಾಲರಿಯಿಂದ ತೆಗೆಸಿದೆ. ಸ್ಟಿಕರ್ ಎಲ್ಲೆಲ್ಲಿ ಓಡಾಡುತ್ತಿದೆಯೋ ತಿಳಿಯದು. ಊರಿಗೆ ಹೋದಾಗ ತಪ್ಪೊಪ್ಪಿಕೊಳ್ಳಲು ಚಿಕ್ಕಮ್ಮನ ಬಳಿ ಕೂತೆ. ಅವಳು ಅಲ್ಲಿಯವರೆಗೆ ಸ್ಟಿಕರ್ ಮಾತ್ರ ನೋಡಿದ್ದಳು. ಇಡೀ ಫೋಟೋ ತೋರಿಸೆಂದಳು. ನನ್ನ ಮೊಬೈಲನ್ನು ದೂರ ಹಿಡಿದು ಬಹಳ ಹೊತ್ತು ನೋಡಿದಳು.

"ಚೆನ್ನಾಗೇ ತೆಗ್ದಿದಾನೆ ಕಣೇ. ನಂಗೊಂದು ಪ್ರಿಂಟ್ ಹಾಕಿಸ್ಕೊಡು," ಎಂದಳು. ಆಮೇಲೆ, "ನಿನ್ನ ಮೊಬೈಲಿಂದ ಅಳಿಸ್ಬಿಡು."

ಪ್ರಿಂಟ್ ಹಾಕಿಸಿಕೊಟ್ಟು ಅಳಿಸಿದೆ.