ಗಾಜಿನ ಕಪಾಟಿನಲ್ಲಿರುವ ದೇವರ ವಾಕ್ಯ

ಫಳ್ನೀರ್ ಪರಿಸರದ ಯಾವ ಕಥೋಲಿಕ ಮನೆಗೆ ಹೋದರೂ ಪವಿತ್ರ ಬೈಬಲ್ ಕಣ್ಣಿಗೆ ಬೀಳದಿರುವುದು ಅಪರೂಪ. ಒಂದೋ ಆಲ್ತಾರಿನ ಮೇಲೆ, ಯೇಸುವಿನ ಪವಿತ್ರ ಹೃದಯದ ಚಿತ್ರದ ಕೆಳಗೆ ಇರುತ್ತದೆ. ಇಲ್ಲವೇ ಗಾಜಿನ ಕಪಾಟಿನಲ್ಲಿ, ಮಕ್ಕಳು ಶಾಲೆಯಲ್ಲಿ ಗೆದ್ದು ತಂದ ಬಹುಮಾನಗಳ ಪಕ್ಕದಲ್ಲಿ. ಮದುವೆಗೆ ಉಡುಗೊರೆಯಾಗಿ ಬಂದದ್ದು. ಮೊದಲ ಪುಟದಲ್ಲಿ ಕೊಟ್ಟವರ ಹೆಸರು, ತಾರೀಕು. ಮೊಂತಿ ಹಬ್ಬಕ್ಕೋ ಕ್ರಿಸ್ಮಸ್‌ಗೋ ಮನೆಯನ್ನು ಗುಡಿಸಿ ಒರೆಸುವಾಗ ಅದರ ಮೇಲಿನ ಧೂಳನ್ನೂ ಒರೆಸಿ, ಭಕ್ತಿಯಿಂದ ಮುತ್ತಿಟ್ಟು, ಮತ್ತೆ ಅಲ್ಲಿಯೇ ಇಡುತ್ತೇವೆ. ಪ್ರಿಯ ವಾಚಕರೇ, ನಿಮ್ಮ ಮನೆಯ ಬೈಬಲನ್ನು ಕೊನೆಯ ಸಲ ಯಾರು ತೆರೆದರು, ಯಾವಾಗ ತೆರೆದರು?

ಆಕ್ಷೇಪಿಸಲು ಈ ಪ್ರಶ್ನೆ ಕೇಳುತ್ತಿಲ್ಲ. ನಮ್ಮಲ್ಲಿ ಈ ರೂಢಿ ಬೆಳೆಯದಿರಲು ಕಾರಣಗಳಿವೆ. ಕನ್ನಡದಲ್ಲಿ ಸಂಪೂರ್ಣ ಬೈಬಲ್ 1830ರ ದಶಕದ ಆರಂಭದಲ್ಲಿಯೇ ಬಳ್ಳಾರಿಯಲ್ಲಿ ಸಿದ್ಧವಾಗಿತ್ತು. ನಮ್ಮ ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಶನಿನವರು 1841ರಲ್ಲಿ ಮುದ್ರಣಾಲಯ ತೆರೆದರು. 1847ರ ಹೊತ್ತಿಗೆ ತುಳುವಿನಲ್ಲಿಯೂ ಹೊಸ ಒಡಂಬಡಿಕೆ ಬಂದಾಗಿತ್ತು. ಫಳ್ನೀರಿನಿಂದ ಬಲ್ಮಠ ಎಷ್ಟು ದೂರ? ಆದರೆ ಆ ಪುಸ್ತಕಗಳು ನಮ್ಮ ಅಂಗಳ ದಾಟಲಿಲ್ಲ. ನಮಗೆ ಬಲಿಪೂಜೆ ಲತೀನಿನಲ್ಲಿತ್ತು, ಜಪಗಳು ಕೊಂಕಣಿಯಲ್ಲಿದ್ದವು, ಬೈಬಲ್ ಓದುವುದು ಪ್ರೊಟೆಸ್ಟಂಟರ ಕೆಲಸವೆಂಬ ಮಾತು ಹಿರಿಯರ ಬಾಯಲ್ಲಿತ್ತು. ಎರಡನೆಯ ವತಿಕಾನ್ ಮಹಾಸಭೆಯು 1965ರ ನವೆಂಬರ್ 18ರಂದು ಪ್ರಕಟಿಸಿದ ‘ದೇಯಿ ವೆರ್ಬುಮ್’ ಎಂಬ ದಸ್ತಾವೇಜಿನಲ್ಲಿ, ಗುರುಗಳೂ ಕನ್ಯಾಭಗಿನಿಯರೂ ಮಾತ್ರವಲ್ಲ, ಎಲ್ಲ ವಿಶ್ವಾಸಿಗಳೂ ಪವಿತ್ರ ಗ್ರಂಥವನ್ನು ಮೇಲಿಂದ ಮೇಲೆ ಓದಬೇಕೆಂದು ಒತ್ತಾಯಿಸಿತು. 2019ರಲ್ಲಿ ಜಗದ್ಗುರು ಫ್ರಾನ್ಸಿಸರು ಸಾಮಾನ್ಯ ಕಾಲದ ಮೂರನೆಯ ಆದಿತ್ಯವಾರವನ್ನು ದೇವರ ವಾಕ್ಯಕ್ಕೆಂದೇ ಮೀಸಲಿಟ್ಟರು. ಕಥೋಲಿಕರಿಗೂ ಇತರ ಸಭೆಗಳವರಿಗೂ ಒಪ್ಪಿಗೆಯಾದ ಸರಳ ಕನ್ನಡದ ಅನುವಾದ ಈಗ ನಮ್ಮ ಕೈಯಲ್ಲಿದೆ. ಅಂದರೆ ನೆಪಗಳೆಲ್ಲ ಮುಗಿದಿವೆ.

ಒಂದು ಆಕ್ಷೇಪವನ್ನು ಮಾತ್ರ ಲಘುವಾಗಿ ತಳ್ಳಿಹಾಕಲಾಗದು. ‘ನಮ್ಮ ಹಿರಿಯರು ಬೈಬಲ್ ಓದದೆಯೇ ವಿಶ್ವಾಸ ಉಳಿಸಿಕೊಳ್ಳಲಿಲ್ಲವೇ?’ ನಿಜ. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕರಾವಳಿಯ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ, ಮಿಲಾಗ್ರಿಸ್ ಸೇರಿದಂತೆ ಇಗರ್ಜಿಗಳು ನೆಲಸಮವಾದವು, ಗುರುಗಳನ್ನು ಗಡೀಪಾರು ಮಾಡಲಾಯಿತು. 1799ರವರೆಗೆ, ಹದಿನೈದು ವರ್ಷ, ಆ ಜನರ ಕೈಯಲ್ಲಿ ಗ್ರಂಥವಿರಲಿಲ್ಲ. ಆದರೂ ಹಿಂದಿರುಗಿ ಬಂದವರು ವಿಶ್ವಾಸಿಗಳಾಗಿಯೇ ಬಂದರು. ಅವರಲ್ಲಿ ಉಳಿದದ್ದೇನು? ಬಾಯಿಪಾಠವಾಗಿದ್ದ ಜಪಗಳು, ಜಪಸರದ ರಹಸ್ಯಗಳು. ಆ ರಹಸ್ಯಗಳಾದರೂ ಏನು? ಬಹುಪಾಲು ಶುಭಸಂದೇಶದ ಘಟನೆಗಳೇ ಅಲ್ಲವೇ? ಮರಿಯಮ್ಮನವರಿಗೆ ದೂತನ ವಂದನೆ, ಗೋದಲಿಯಲ್ಲಿ ಜನನ, ತೋಪಿನಲ್ಲಿ ರಕ್ತದ ಬೆವರು, ಶಿಲುಬೆ, ಬರಿದಾದ ಸಮಾಧಿ. ತಮಗೆ ದಕ್ಕಿದಷ್ಟನ್ನು ಅವರು ದಿನವೂ ಮೆಲುಕು ಹಾಕಿದರು. ಆದ್ದರಿಂದ ಅವರ ಉದಾಹರಣೆ ನಮ್ಮ ಮುಚ್ಚಿದ ಪುಸ್ತಕದ ಪರವಾಗಿ ಸಾಕ್ಷಿ ಹೇಳುವುದಿಲ್ಲ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಬೈಬಲ್ ಓದಿದರೆ ಆತ್ಮದಲ್ಲಿ ನವಚೈತನ್ಯ ಮೂಡುತ್ತದೆ ಎನ್ನುತ್ತೇವೆ. ಈ ನವಚೈತನ್ಯವೆಂದರೆ ಏನು? ಮುರಿಂಗೂರಿನ ಧ್ಯಾನಕೇಂದ್ರದಿಂದ ಒಂದು ವಾರದ ಧ್ಯಾನ ಮುಗಿಸಿ ಬಂದವರ ಮುಖದಲ್ಲಿ ಕಳೆ ಇರುತ್ತದೆ, ಕಣ್ಣುಗಳಲ್ಲಿ ನೀರಿರುತ್ತದೆ. ಅದು ಸುಳ್ಳಲ್ಲ. ಆದರೆ ಮೂರನೆಯ ವಾರದಲ್ಲಿ ಅದೇ ಸಿಡುಕು, ಅದೇ ಮನಸ್ತಾಪ. ಮನಸ್ಸಿಗೆ ಹಿತವಾಗುವುದೇ ನವೀಕರಣವಾದರೆ ಅದು ಒಳ್ಳೆಯ ಸಂಗೀತದಿಂದಲೂ ಆದೀತು. ಪಣಂಬೂರಿನ ಕಡಲ ಕಿನಾರೆಯಲ್ಲಿ ಒಂದು ಸಂಜೆ ಕುಳಿತರೂ ಆದೀತು.

ಸಂತ ಲೂಕರ ಶುಭಸಂದೇಶದ ನಾಲ್ಕನೆಯ ಅಧ್ಯಾಯ ಇಲ್ಲಿ ನಮ್ಮ ಕಣ್ಣು ತೆರೆಸುತ್ತದೆ. ಯೇಸುಸ್ವಾಮಿ ತಮ್ಮ ಊರಾದ ನಜರೇತಿನ ಪ್ರಾರ್ಥನಾ ಮಂದಿರಕ್ಕೆ ಬರುತ್ತಾರೆ. ಪ್ರವಾದಿ ಯೆಶಾಯನ ಗ್ರಂಥದ ಸುರುಳಿಯನ್ನು ಬಿಚ್ಚಿ, ಬಡವರಿಗೆ ಶುಭವಾರ್ತೆ, ಸೆರೆಯಲ್ಲಿರುವವರಿಗೆ ಬಿಡುಗಡೆ ಎಂಬ ಭಾಗವನ್ನು ಓದುತ್ತಾರೆ. ಕೇಳಿದವರಿಗೆ ಸಂತೋಷ, ನಮ್ಮ ಯೋಸೇಫನ ಮಗ ಎಷ್ಟು ಚೆನ್ನಾಗಿ ಮಾತಾಡುತ್ತಾನೆ ಎಂಬ ಹೆಮ್ಮೆ. ಅಷ್ಟಕ್ಕೇ ಮುಗಿದಿದ್ದರೆ ಎಲ್ಲರೂ ಸಮಾಧಾನದಿಂದ ಮನೆಗೆ ಹೋಗಿ ಊಟ ಮಾಡುತ್ತಿದ್ದರು. ಆದರೆ ಯೇಸು ಮುಂದುವರಿಸಿದರು. ಬರಗಾಲದಲ್ಲಿ ಎಲೀಯನು ಕಳುಹಿಸಲ್ಪಟ್ಟದ್ದು ಹೊರನಾಡಿನ ಒಬ್ಬ ವಿಧವೆಯ ಬಳಿಗೆ. ಎಲೀಷನ ಕಾಲದಲ್ಲಿ ಗುಣಹೊಂದಿದವನು ಸಿರಿಯಾದ ನಾಮಾನ. ಇದೂ ಅವರದೇ ಪವಿತ್ರ ಗ್ರಂಥದಲ್ಲಿ ಇದ್ದದ್ದು. ಯೇಸು ಹೊಸದಾಗಿ ಏನನ್ನೂ ಸೇರಿಸಲಿಲ್ಲ. ಅವರಿಗೆ ಬೇಡವಾಗಿದ್ದ ಪುಟವನ್ನು ತೆರೆದರು, ಅಷ್ಟೆ. ಕೂಡಲೇ ಜನ ಎದ್ದು ನಿಂತು, ಅವರನ್ನು ಊರಾಚೆಗೆ ತಳ್ಳಿ, ಗುಡ್ಡದ ತುದಿಯಿಂದ ಕೆಳಗೆ ದಬ್ಬಲು ಹೊರಟರು.

ಪ್ರಿಯ ವಾಚಕರೇ, ನಾವೂ ಆ ಮಂದಿರದಲ್ಲಿಯೇ ಕುಳಿತಿದ್ದೇವೆ. ಪ್ರತಿ ಬೆಳಿಗ್ಗೆ ಮೊಬೈಲಿಗೆ ಒಂದು ವಾಕ್ಯ ಬರುತ್ತದೆ, ಹೂವಿನ ಚಿತ್ರದ ಮೇಲೆ ಅಚ್ಚಾಗಿ. ಗಮನಿಸಿದ್ದೀರಾ? ಅದು ಬಹುಮಟ್ಟಿಗೆ ಸಾಂತ್ವನದ ವಾಕ್ಯ. ಹೆದರಬೇಡ, ನಾನಿದ್ದೇನೆ ಎನ್ನುವಂಥದ್ದು. ಕೂಲಿಯಾಳಿನ ಸಂಬಳ ತಡೆಹಿಡಿದವನಿಗೆ ಯಕೋಬನ ಪತ್ರದಲ್ಲಿರುವ ಎಚ್ಚರಿಕೆ ಹೂವಿನ ಮೇಲೆ ಬಂದದ್ದನ್ನು ನಾನಂತೂ ಕಂಡಿಲ್ಲ. ಇನ್ನು ಕೆಲವರು ಕಷ್ಟ ಬಂದಾಗ ಕಣ್ಣುಮುಚ್ಚಿ ಬೈಬಲನ್ನು ತೆರೆದು ಬೆರಳಿಡುತ್ತಾರೆ. ಸಂತ ಅಗಸ್ಟೀನರು 386ರಲ್ಲಿ ಮಿಲಾನಿನ ತೋಟದಲ್ಲಿ ಹಾಗೆ ತೆರೆದು ಓದಿದ್ದರಿಂದಲೇ ಮನಪರಿವರ್ತನೆ ಹೊಂದಿದರಲ್ಲವೇ ಎಂದು ಕೇಳಬಹುದು. ಅವರ ಕಣ್ಣು ಬಿದ್ದ ಭಾಗ ಯಾವುದೆಂದು ನೋಡಿ: ಅವರು ಬಿಡಲಾರದೆ ವರ್ಷಗಟ್ಟಲೆ ಒದ್ದಾಡುತ್ತಿದ್ದ ದುರಭ್ಯಾಸವನ್ನೇ ಬಿಡು ಎನ್ನುವ ಪೌಲರ ಮಾತು. ಸಮಾಧಾನ ಬಂದದ್ದು ಅದಕ್ಕೆ ತಲೆಬಾಗಿದ ಮೇಲೆ.

ಕ್ರಮವಾಗಿ ಓದುವುದರ ಬೆಲೆ ನನ್ನ ದೃಷ್ಟಿಯಲ್ಲಿ ಇದೇ. ನಿನ್ನೆ ನಿಲ್ಲಿಸಿದಲ್ಲಿಂದ ಇಂದು ಮುಂದುವರಿಸುವವನು ತನಗೆ ಬೇಕಾದ್ದನ್ನು ಆರಿಸಿಕೊಳ್ಳಲಾರ. ಆರಿಸುವ ಅಧಿಕಾರ ಅವನ ಕೈತಪ್ಪುತ್ತದೆ.

ಒಂದು ಮನೆಯನ್ನು ಊಹಿಸಿಕೊಳ್ಳಿ. ಫಳ್ನೀರಿನಲ್ಲಿ ಹಳೆಯ ಹಂಚಿನ ಮನೆಗಳಿದ್ದ ಹಿತ್ತಿಲುಗಳಲ್ಲಿ ಈಗ ಫ್ಲ್ಯಾಟುಗಳು ಎದ್ದಿವೆ. ಅವುಗಳೊಂದಿಗೆ ಪಾಲಿನ ಜಗಳಗಳೂ ಎದ್ದಿವೆ. ಅಣ್ಣ ತಮ್ಮಂದಿರು ವಕೀಲರ ಮೂಲಕ ಮಾತ್ರ ಮಾತಾಡುತ್ತಾರೆ. ಅಣ್ಣ ದಿನವೂ ತೇರ್ಸ್ ಹೇಳುವವನು, ಆದಿತ್ಯವಾರ ತಪ್ಪಿಸದವನು. ಅವನು ಮತ್ತಾಯರ ಶುಭಸಂದೇಶವನ್ನು ದಿನಕ್ಕೊಂದು ಅಧ್ಯಾಯದಂತೆ ಓದಲು ಶುರುಮಾಡಿದ ಎನ್ನೋಣ. ಐದನೆಯ ದಿನ ಅವನಿಗೆ ಎದುರಾಗುವುದೇನು? ಬಲಿಪೀಠದ ಮುಂದೆ ಕಾಣಿಕೆ ಹಿಡಿದು ನಿಂತಾಗ ಸಹೋದರನಿಗೆ ನಿನ್ನ ಮೇಲೆ ಮನಸ್ತಾಪವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಅವನೊಡನೆ ರಾಜಿಯಾಗು ಎಂಬ ಆಜ್ಞೆ. ‘ನಿನಗೆ ಅವನ ಮೇಲೆ’ ಎಂದಿಲ್ಲ, ‘ಅವನಿಗೆ ನಿನ್ನ ಮೇಲೆ’ ಎಂದಿದೆ! ತಪ್ಪು ಯಾರದೆಂಬ ವಿಚಾರಣೆಯೇ ಅಲ್ಲಿಲ್ಲ. ಈಗ ಅವನ ಮುಂದೆ ಎರಡೇ ದಾರಿ. ಆರನೆಯ ದಿನ ಪುಸ್ತಕವನ್ನು ಮತ್ತೆ ಕಪಾಟಿನೊಳಗೆ ಇಡಬಹುದು. ಅಥವಾ ತಮ್ಮನಿಗೆ ಫೋನು ಮಾಡಬಹುದು. ಫೋನು ಮಾಡಿದೊಡನೆ ದಾವೆ ಮುಗಿಯುತ್ತದೆಂದು ನಾನು ಹೇಳಲಾರೆ. ತಮ್ಮ ಫೋನು ಎತ್ತದೆಯೂ ಇರಬಹುದು. ಆದರೆ ಆ ಗಳಿಗೆಯಲ್ಲಿ ಅಣ್ಣನ ಎದೆಯಲ್ಲಾಗುವ ಕಸಿವಿಸಿಯನ್ನೇ ನಾನು ನವೀಕರಣದ ಆರಂಭವೆಂದು ಕರೆಯುತ್ತೇನೆ, ಅದು ಎಷ್ಟೇ ಅಹಿತವಾಗಿರಲಿ.

ಹಾಗೆಂದು ಓದಿದ ಮಾತ್ರಕ್ಕೆ ಎಲ್ಲವೂ ಆಗಿಬಿಡುವುದೂ ಇಲ್ಲ. ಅರಣ್ಯದಲ್ಲಿ ಯೇಸುವನ್ನು ಶೋಧಿಸಲು ಬಂದ ಸೈತಾನನೂ ಕೀರ್ತನೆಯ ವಾಕ್ಯವನ್ನು ತಪ್ಪಿಲ್ಲದೆ ಹೇಳಿದವನೇ. ಹೆಂಡತಿ ಗಂಡನಿಗೆ ಅಧೀನಳಾಗಿರಬೇಕೆಂದು ಪೌಲರು ಎಫೆಸದವರಿಗೆ ಬರೆದದ್ದು ನಮ್ಮ ಅನೇಕ ಗಂಡಸರಿಗೆ ಕಂಠಪಾಠ. ಅದೇ ಅಧ್ಯಾಯದಲ್ಲಿ ಮೂರೇ ವಾಕ್ಯಗಳ ನಂತರ, ಕ್ರಿಸ್ತರು ಧರ್ಮಸಭೆಗಾಗಿ ಪ್ರಾಣಕೊಟ್ಟಂತೆ ಗಂಡನು ಹೆಂಡತಿಯನ್ನು ಪ್ರೀತಿಸಬೇಕೆಂದು ಬರೆದದ್ದು ಮಾತ್ರ ಏಕೋ ನೆನಪಿಗೆ ಬರುವುದಿಲ್ಲ. ಇತರರನ್ನು ತಿದ್ದಲು ಓದುವವನು ಎಷ್ಟು ಓದಿದರೂ ಇದ್ದಲ್ಲಿಯೇ ಇರುತ್ತಾನೆ.

ಒಣ ಭಾಗಗಳೂ ಬರುತ್ತವೆ. ಯಾಜಕಕಾಂಡದ ಬಲಿನಿಯಮಗಳನ್ನು ಓದುವಾಗ ಆಕಳಿಕೆ ಬಂದರೆ ಪಾಪವಲ್ಲ. ಆದರೆ ಎಲ್ಲ ಪುಟಗಳೂ ಇಂದಿಗಾಗಿಯೇ ಇರಬೇಕೆಂದೇನಿಲ್ಲ. 88ನೆಯ ಕೀರ್ತನೆಯನ್ನು ನೋಡಿ. ದೇವರಿಗೆ ಮೊರೆಯಿಟ್ಟು, ಯಾವ ಭರವಸೆಯ ಮಾತೂ ಇಲ್ಲದೆ ಕತ್ತಲಲ್ಲಿಯೇ ಮುಗಿದುಹೋಗುತ್ತದೆ. ಆರೋಗ್ಯವಾಗಿರುವಾಗ ಓದಿದರೆ ಇದೇಕೆ ಬೈಬಲಿನಲ್ಲಿದೆ ಎನಿಸುತ್ತದೆ. ಕಂಕನಾಡಿಯ ಆಸ್ಪತ್ರೆಯ ವರಾಂಡದಲ್ಲಿ, ತುರ್ತು ನಿಗಾ ಘಟಕದ ಬಾಗಿಲಿಗೆ ಕಣ್ಣುನೆಟ್ಟು, ರಾತ್ರಿ ಎರಡು ಗಂಟೆಗೆ ಕುಳಿತವರಿಗೆ ಗೊತ್ತು. ಅಲ್ಲಿ ಸಿಹಿಮಾತು ಕಿವಿಗೆ ಇಳಿಯುವುದಿಲ್ಲ. ತನ್ನಂತೆಯೇ ಕತ್ತಲಲ್ಲಿ ಕೂಗಿದವನೊಬ್ಬನ ಮಾತನ್ನು ಧರ್ಮಸಭೆ ದೇವರ ವಾಕ್ಯವೆಂದು ಕಾಪಾಡಿಕೊಂಡು ಬಂದಿದೆ ಎಂಬುದೇ ಅಲ್ಲಿ ಆಸರೆ. ಆದರೆ ಮೊದಲೇ ಓದಿರದಿದ್ದರೆ ಅದು ಆ ರಾತ್ರಿ ನೆನಪಿಗೆ ಬರುವುದು ಹೇಗೆ?

ಎಲ್ಲಿಂದ ಪ್ರಾರಂಭಿಸುವುದು ಎಂದು ಕೇಳುವಿರಿ. ಆದಿಕಾಂಡದಿಂದ ಹೊರಟವರು ಹೆಚ್ಚಾಗಿ ಮೋಶೆಯ ಗುಡಾರದ ಅಳತೆಗಳಲ್ಲಿ ದಣಿದು ನಿಲ್ಲುತ್ತಾರೆ. ಶುಭಸಂದೇಶಗಳಿಂದ ತೊಡಗಿ. ನಾಲ್ಕೂ ಸೇರಿ 89 ಅಧ್ಯಾಯಗಳು. ದಿನಕ್ಕೊಂದರಂತೆ ಮೂರು ತಿಂಗಳೊಳಗೆ ಮುಗಿಯುತ್ತವೆ. ಮಾರ್ಕರದು ಹದಿನಾರೇ ಅಧ್ಯಾಯ, ಮೊದಲಿಗೆ ಅದೇ ಸುಲಭ. ಅರ್ಥವಾಗದಿದ್ದರೆ ನಾಚಿಕೆ ಬೇಡ. ಗಾಜಾದ ದಾರಿಯಲ್ಲಿ ರಥದಲ್ಲಿ ಕುಳಿತು ಯೆಶಾಯನನ್ನು ಓದುತ್ತಿದ್ದ ಇಥಿಯೋಪಿಯದ ಅಧಿಕಾರಿಗೂ ಅರ್ಥವಾಗಲಿಲ್ಲ. ಅವನು ಫಿಲಿಪ್ಪನನ್ನು ರಥಕ್ಕೆ ಹತ್ತಿಸಿಕೊಂಡು ಕೇಳಿದ. ನಮ್ಮಲ್ಲಿಯೂ ವಾಳೆಯ ಕೂಟಗಳಿವೆ, ಗುರುಗಳಿದ್ದಾರೆ, ಪುಟದಡಿಯ ಟಿಪ್ಪಣಿಗಳಿವೆ. ಓದಿ, ಒಂದು ಮಾತಿನ ಬಳಿ ನಿಂತು, ಆ ಮಾತಿನಿಂದಲೇ ಪ್ರಾರ್ಥಿಸುವ ಕ್ರಮವನ್ನು ಮಠವಾಸಿಗಳು ಶತಮಾನಗಳಿಂದ ಪಾಲಿಸಿಕೊಂಡು ಬಂದಿದ್ದಾರೆ. ಆ ಓದು ಒಂದು ಕ್ರಿಯೆಯನ್ನು ಮುಟ್ಟುವವರೆಗೆ ಪೂರ್ಣವಾಗದೆಂದು ಜಗದ್ಗುರು ಹದಿನಾರನೆಯ ಬೆನೆಡಿಕ್ಟರು 2010ರಲ್ಲಿ ಬರೆದರು.

ಸಮಯ? ರಾತ್ರಿಯ ತೇರ್ಸ್ ಮುಗಿದ ಮೇಲೆ, ಊಟಕ್ಕೆ ಕೂರುವ ಮೊದಲು, ಹತ್ತು ನಿಮಿಷ ಸಾಕು. ಮನೆಯ ಕಿರಿಯರಲ್ಲಿ ಒಬ್ಬರು ಗಟ್ಟಿಯಾಗಿ ಓದಲಿ. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಕನ್ನಡದ ಒತ್ತಕ್ಷರಗಳು ತೊಡರುತ್ತವೆ, ‘ಕಫೆರ್ನವುಮ್’ ಎಂಬಲ್ಲಿ ನಾಲಿಗೆ ಹೊರಳುವುದಿಲ್ಲ. ಆಗ ಕಣ್ಣಿಗೆ ಪೊರೆ ಬಂದು ಓದಲಾಗದ ಅಜ್ಜಿ ಮೂಲೆಯ ಕುರ್ಚಿಯಿಂದಲೇ ಶಬ್ದ ತಿದ್ದುತ್ತಾರೆ. ತಿದ್ದಲಿ. ಮಗುವಿನ ತಡವರಿಕೆಯಿಂದ ಓದು ನಿಧಾನವಾದಷ್ಟೂ ಒಳ್ಳೆಯದು.